ಅಕ್ಕ ಓದಿದ ಅಂಚುಗಳು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರ ಮಗಳು ಕೇಳಿಕೊಂಡಿದ್ದಾಳೆ. ಬರೆದರೆ ಅವರಿಗೂ ಮುಜುಗರವಾಗುತ್ತಿತ್ತು. ನಾನಂತೂ ಅವರನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ ಊರಿನ ಕಂಪನಿಗೆ ಸೇರಿದ ಮೊದಲ ದಿನ, ಕನ್ನಡದವರು ಎಂದು ಗೊತ್ತಾಗಿ, "ನಮಸ್ಕಾರ ಮೇಡಂ" ಎಂದೆ. "ಮೇಡಂ ಅನಬ್ಯಾಡ್ರಿ, ಸಾಲ್ಯಾಗ ನಿಂತಂಗ ಆಗತೈತಿ. ಅಕ್ಕಾ ಅನ್ರಿ," ಎಂದರು. ಅಂದಿನಿಂದ ಅಕ್ಕ. ಕಳೆದ ತಿಂಗಳು ಡಲ್ಲಾಸ್‌ನ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು.

ನಾನು ಮೈಸೂರಿನವನು, ಅವರು ಬೆಳಗಾವಿಯವರು. ನಮ್ಮಿಬ್ಬರಿಗೂ ಅನ್ನ ಹಾಕುತ್ತಿದ್ದದ್ದು ಉಗುರಿನಷ್ಟು ಅಗಲದ ಒಂದು ಕಾರ್ಬೈಡ್ ಬಿಲ್ಲೆ. ಲೇತ್ ಯಂತ್ರದಲ್ಲಿ ಉಕ್ಕನ್ನು ಕೆತ್ತುವ ಅಂಚು ಅದು. ಕಂಪನಿಯಲ್ಲಿ ಎಲ್ಲರೂ ಇನ್ಸರ್ಟ್ ಅನ್ನುತ್ತಿದ್ದರು, ಅಕ್ಕ ಮಾತ್ರ ಊರಿನ ವರ್ಕ್‌ಶಾಪಿನವರ ಹಾಗೆ ಟಿಪ್ ಅನ್ನುತ್ತಿದ್ದರು. ಬರಿಯ ಕಾರ್ಬೈಡ್ ಬೇಗ ಸವೆಯುತ್ತದೆ. ಅದಕ್ಕೆ ಟೈಟಾನಿಯಂ, ಅಲ್ಯುಮಿನಿಯಂಗಳ ಲೇಪ ಹಚ್ಚಬೇಕು. ಒಂದರ ಮೇಲೊಂದರಂತೆ ಎಷ್ಟೋ ಪದರ ಹಚ್ಚಿದರೂ ಎಲ್ಲ ಸೇರಿ ತಲೆಕೂದಲಿಗಿಂತ ಬಹಳ ತೆಳು. ಬಿಲ್ಲೆಗಳನ್ನು ಟ್ರೇಗಳಲ್ಲಿಟ್ಟು ಲೇಪ ಹಚ್ಚುವ ಒಲೆಯಂಥ ಚೇಂಬರ್ ನನ್ನ ಜವಾಬ್ದಾರಿ. ಬಳಸಿ ಸವೆದ ಬಿಲ್ಲೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಏನಾಯಿತೆಂದು ಹೇಳುವುದು ಅಕ್ಕನ ಕೆಲಸ.

ಗಿರಾಕಿಗಳು ಸವೆದ ಟಿಪ್‌ಗಳನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸುತ್ತಿದ್ದರು. ಅಕ್ಕ ಮೊದಲು ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ್ದ ಭೂತಗನ್ನಡಿಯಿಂದ ನೋಡುವರು, ಆಮೇಲೆ ಮೈಕ್ರೋಸ್ಕೋಪು. ಅಂಚಿನ ಯಾವ ಪಕ್ಕ ಸವೆದಿದೆ, ಎಲ್ಲಿ ಗುಳಿ ಬಿದ್ದಿದೆ, ಎಲ್ಲಿ ಸುಟ್ಟಿದೆ ಎಂಬುದರಿಂದಲೇ ಇನ್ನೂರು ಮೈಲಿ ಆಚೆಗಿನ ಯಂತ್ರದ ಕಥೆ ಹೇಳುವರು. "ಈ ಮನಶ್ಯಾ ಕೂಲಂಟ್ ನಡನಡಕ ಬಂದ್ ಮಾಡ್ಯಾನ. ಕಾದ ಟಿಪ್ಪಿಗೆ ತಣ್ಣೀರು, ಮತ್ತ ಬಂದ್, ಮತ್ತ ತಣ್ಣೀರು. ಬಿರಿಯೂದಿಲ್ಲೇನು?" ಗಿರಾಕಿ ಫೋನಿನಲ್ಲಿ ಮೊದಲು ಇಲ್ಲವೆಂದು ವಾದಿಸಿ, ಆಮೇಲೆ ಪಂಪು ಕೆಟ್ಟಿದ್ದು ನಿಜ ಎಂದು ಒಪ್ಪಿಕೊಳ್ಳುತ್ತಿದ್ದ.

ಇಷ್ಟು ತಿಳಿದವರು ಎಲ್ಲಕ್ಕೂ ಹೆದರುತ್ತಿದ್ದರು. ಅಕ್ಕನಷ್ಟು ಹೆದರುವವರನ್ನು ನಾನು ನೋಡಿಯೇ ಇಲ್ಲ. ಹೈವೇ ಎಂದರೆ ಭಯ. ಮನೆಯಿಂದ ಕಂಪನಿಗೆ ಒಳರಸ್ತೆಗಳಲ್ಲೇ ಸುತ್ತಿಕೊಂಡು ಬರುವರು. ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸುಂಟರಗಾಳಿಯ ಸೈರನ್ ಪರೀಕ್ಷೆಗೆಂದು ಕೂಗುತ್ತದೆ. ಪರೀಕ್ಷೆ ಎಂದು ಗೊತ್ತಿದ್ದೂ ಅಕ್ಕ ರೊಟ್ಟಿಯ ಡಬ್ಬಿ ಮುಚ್ಚಿ ಎದ್ದು ಒಳಗೋಡೆಗೆ ಬೆನ್ನು ಕೊಟ್ಟು ನಿಲ್ಲುವರು. "ನಗ್ರಿ ನೀವು. ಖರೇ ಗಾಳಿ ಬುಧವಾರ ಬರೂದಿಲ್ಲಂತ ಯಾರ್ ಹೇಳ್ಯಾರ?" ಎಂದು ಶೇಂಗಾ ಚಟ್ನಿಯ ಬೆರಳನ್ನು ಒರೆಸಿಕೊಳ್ಳುವರು.

ಮೀಟಿಂಗಿನಲ್ಲೂ ಅಷ್ಟೇ. ಹೊಸ ಲೇಪ ಇಷ್ಟು ವೇಗಕ್ಕೆ ತಡೆಯುತ್ತದೆ, ಅಷ್ಟು ಬಿಸಿಗೆ ತಡೆಯುತ್ತದೆ ಎಂದು ಮಾಲೀಕ ಪರದೆಯ ಮೇಲೆ ತೋರಿಸುವಾಗ ಅಕ್ಕ ಕೈ ಎತ್ತಿ, "ಐ ಆಮ್ ಅಫ್ರೇಡ್ ಆಫ್ ದಿಸ್" ಎನ್ನುವರು. ನಮ್ಮ ಮಾಲೀಕ ಒಳ್ಳೆಯ ಮನುಷ್ಯ, ಆದರೆ ಆ ಮಾತಿಗೆ ಪ್ರತಿಸಲವೂ ಅವನ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು. ಉಳಿದವರೂ ನಗುತ್ತಿದ್ದರು. ನಾನೂ.

ಒಂದು ಸಲ ಕೇಳಿದೆ. "ಅಕ್ಕಾ, ಯಾಕೆ ಎಲ್ಲರ ಮುಂದೆ ಹಾಗಂತೀರ? ರಿಸ್ಕ್ ಇದೆ ಅಂದ್ರೆ ಸಾಕಲ್ವಾ?"

"ಅಂಜಿಕಿ ಆಗಿದ್ದು ನನಗ ಅಲ್ಲೇನ್ರಿ? ರಿಸ್ಕ್ ಅಂದ್ರ ಅದು ಯಾರ್ದೋ ಆಗಿಬಿಡತೈತಿ," ಎಂದರು.

ಹೊಸ ಲೇಪಗಳ ಬಗ್ಗೆ ಅವರಿಗೆ ಅಚ್ಚರಿಯೂ ಇತ್ತು, ಗೌರವವೂ ಇತ್ತು. ಅಲ್ಯುಮಿನಿಯಂ ಸೇರಿದ ಲೇಪ ಕಾದಷ್ಟೂ ತನ್ನ ಮೈಮೇಲೆ ತಾನೇ ಒಂದು ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಉಕ್ಕಿನ ಸುರುಳಿ ಕೆಂಪಗೆ ಕಾದು ಹಾರಿದರೂ ಅಂಚು ಉಳಿಯುತ್ತದೆ. "ನಮ್ಮಪ್ಪನ ಕಾಲದಾಗ ಟಿಪ್ ಮೊದಲ ಅಳತಿತ್ತು. ಹೊಗಿ ಬರೂದು, ಕಿರಗುಟ್ಟೂದು. ಮನಶ್ಯಾ ಕೈ ಹಿಂದ ತಗೊಳಾಂವ. ಈಗಿಂದು ಅಂಜೂದಿಲ್ಲ, ಅಳೂದೂ ಇಲ್ಲ. ಅದಕ್ಕ ನಾವು ಅಂಜಬೇಕು."

ಇನ್ನು ನನ್ನ ವಿಷಯಕ್ಕೆ ಬರಬೇಕು. ಅದನ್ನು ಬಿಟ್ಟು ಅಕ್ಕನ ಬಗ್ಗೆ ಬರೆದರೆ ಅವರನ್ನು ಅರ್ಧ ಮಾತ್ರ ತೋರಿಸಿದಂತೆ.

ಲೇಪ ಹಚ್ಚುವ ಮೊದಲು ಚೇಂಬರಿನೊಳಗೇ ಬಿಲ್ಲೆಗಳ ಮೈಯನ್ನು ಅಯಾನುಗಳಿಂದ ಉಜ್ಜಿ ಶುಚಿ ಮಾಡಬೇಕು. ಅದು ಸರಿಯಾಗದಿದ್ದರೆ ಲೇಪ ಕೂರುತ್ತದೆ, ಕಚ್ಚುವುದಿಲ್ಲ. ಕೆಲವು ವರ್ಷಗಳ ಹಿಂದಿನ ವಸಂತದಲ್ಲಿ ಒಂದು ದಿನ ಶುಚಿ ಮಾಡುವ ಹಂತದ ನಡುವೆ ಅಲಾರಂ ಬಂತು. ಕೆಳಗಿನ ಟ್ರೇಗಳಿಗೆ ಹೋಗುವ ಕರೆಂಟು ಕುಸಿದಿತ್ತು. ನಿಲ್ಲಿಸಿ, ಚೇಂಬರ್ ತಣಿಸಿ, ತೆರೆದು ಮೊದಲಿಂದ ಮಾಡಬೇಕು. ಹಿಂದಿನ ವಾರ ಇಂಥದೇ ಅಲಾರಂಗೆ ನಾನು ನಿಲ್ಲಿಸಿದ್ದೆ. ಅದು ಸೆನ್ಸರಿನ ತಪ್ಪು ಎಂದು ಆಮೇಲೆ ಗೊತ್ತಾಯಿತು. ಇಡೀ ದಿನ ಹಾಳಾಗಿತ್ತು. ಎಲ್ಲರ ಎದುರು ಮಾಲೀಕ, "ಮತ್ತೆ ನಿಲ್ಲಿಸಿದೆಯಾ?" ಎಂದು ಒಂದೇ ಮಾತು ಕೇಳಿದ್ದ. ಆ ಮಾತು ಇನ್ನೊಮ್ಮೆ ಕೇಳಬೇಕಾಗುತ್ತದೆ ಎಂಬ ಭಯಕ್ಕೆ ನಾನು ಪರದೆಯ ಮೇಲೆ 'ಮುಂದುವರಿಸು' ಒತ್ತಿದೆ.

ಆಮೇಲೆ ಪರೀಕ್ಷೆ. ವಜ್ರದ ಮೊನೆಯನ್ನು ಬಿಲ್ಲೆಯ ಮೇಲೆ ಒತ್ತಿ, ಸುತ್ತ ಲೇಪ ಏಳುತ್ತದೆಯೇ ಎಂದು ನೋಡುವುದು. ನಾನು ಮೇಲಿನ ಟ್ರೇಯ ಬಿಲ್ಲೆ ತೆಗೆದುಕೊಂಡೆ. ಕೈ ಕೆಳಗಿನ ಟ್ರೇ ಕಡೆಗೆ ಹೋಗಿ ವಾಪಸು ಬಂದದ್ದು ನನಗೆ ಇವತ್ತಿಗೂ ನೆನಪಿದೆ. ಪರೀಕ್ಷೆ ಪಾಸಾಯಿತು. ಬಿಲ್ಲೆಗಳೆಲ್ಲ ಡಬ್ಬಿ ಸೇರಿ, ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನ ಮೂರು ಶಾಪ್‌ಗಳಿಗೆ ಹೋದವು.

ಹತ್ತು ದಿನ ಏನೂ ಆಗಲಿಲ್ಲ. ಆದರೂ ಫೋನ್ ಗುನುಗಿದರೆ ಎರಡೆರಡು ಸಲ ನಂಬರು ನೋಡಿ ಎತ್ತುತ್ತಿದ್ದೆ. ಪ್ರಾಸ್ಪರ್ ಊರಿನ ನಮ್ಮ ಹೊಸ ಮನೆಯ ಹಿತ್ತಲಲ್ಲಿ ಹೆಂಡತಿ ಕರಿಬೇವಿನ ಗಿಡಕ್ಕೆ ಪಾತಿ ಮಾಡುತ್ತಾ, "ಯಾಕ್ರೀ ಒಂದು ಥರ ಇದೀರ?" ಎಂದಳು. ನಿದ್ದೆ ಸರಿಯಾಗಿಲ್ಲ ಎಂದೆ.

ಹನ್ನೊಂದನೆಯ ದಿನ ಹ್ಯೂಸ್ಟನ್ನಿಂದ ಸುದ್ದಿ ಬಂತು. ಎಣ್ಣೆಬಾವಿಯ ವಾಲ್ವ್‌ಗಳನ್ನು ಮಾಡುವ ಶಾಪ್ ಅದು. ದೊಡ್ಡ ಹಳೆಯ ಲೇತು, ಮುಂದೆ ಅರ್ಧ ಗುರಾಣಿ ಮಾತ್ರ. ಟಿಪ್ ಒಡೆದು ಚೂರು ಹಾರಿ ಲೇತ್‌ನವನ ಕೆನ್ನೆ ಸೀಳಿತ್ತು. ರಕ್ಷಣೆಯ ಕನ್ನಡಕ ಹಾಕಿದ್ದ, ಕಣ್ಣು ಉಳಿಯಿತು. ಒಡೆದ ಟಿಪ್ ಕೊರಿಯರಿನಲ್ಲಿ ಬಂತು.

ಅಕ್ಕ ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ನಾನು ಲ್ಯಾಬಿನಲ್ಲಿ ಬೇರೆ ಏನೋ ಕೆಲಸವಿದ್ದವನಂತೆ ನಿಂತಿದ್ದೆ. ಸಾಮಾನ್ಯವಾಗಿ ಅವರು ನೋಡುತ್ತಾ ಮಾತಾಡುವರು, ಗೊಣಗುವರು. ಆವತ್ತು ಮಾತೇ ಇಲ್ಲ. ಫೋಕಸಿನ ತಿರುಪನ್ನು ತಿರುಗಿಸುತ್ತಿದ್ದ ಕೈ ಒಂದು ಕಡೆ ನಿಂತಿತು.

"ಇದು ಸವದಿಲ್ಲ," ಎಂದರು ಕಣ್ಣು ತೆಗೆಯದೆ. "ಸಿಪ್ಪಿ ಎದ್ದಂಗ ಎದ್ದೈತಿ. ಲೇಪ ಹೋದಮ್ಯಾಲ ಬರೇ ಕಾರ್ಬೈಡ್ ಎಷ್ಟೊತ್ತು ತಡೀತೈತಿ?" ಆಮೇಲೆ ನನ್ನ ಕಡೆ ತಿರುಗಿದರು. ಅಲ್ಲಿಯತನಕ ನನಗೆ 'ನೀವು, ರಿ' ಎನ್ನುತ್ತಿದ್ದವರು ಮೊದಲ ಸಲ ಏಕವಚನದಲ್ಲಿ ಕೇಳಿದರು. "ತಮ್ಮಾ, ಇದು ಯಾವ ಟ್ರೇದು ಹೇಳು?"

ಗೊತ್ತಿಲ್ಲ ಎನ್ನಬಹುದಿತ್ತು. ಬಿಲ್ಲೆಯ ಮೇಲೆ ಟ್ರೇಯ ಗುರುತು ಇರುವುದಿಲ್ಲ. ಅಕ್ಕ ಎದ್ದು ಬಾಗಿಲು ಹಾಕಿ ಬಂದು ಸ್ಟೂಲು ತೋರಿಸಿದರು. ಕೂತು ಎಲ್ಲ ಹೇಳಿದೆ. ಅಲಾರಂ, ಮೇಲಿನ ಟ್ರೇ, ಹಿಂದೆ ಬಂದ ಕೈ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿತ್ತು. "ಇನ್ನ ಎಷ್ಟು ಹೊರಗ ಅದಾವ?" ಎಂದರು. ಆ ಪ್ರಶ್ನೆ ಕೇಳುವವರೆಗೆ ನಾನು ಹೆದರಿದ್ದು ನನ್ನ ಕೆಲಸಕ್ಕೆ, ನನ್ನ ಮಾನಕ್ಕೆ. ಆಗಷ್ಟೇ ಕಣ್ಣಿಗೆ ಕಟ್ಟಿತು: ಮೂರು ಊರುಗಳಲ್ಲಿ ಯಾರೋ ಈ ಗಳಿಗೆಯಲ್ಲೇ ಡಬ್ಬಿ ತೆರೆದು ಒಂದು ಬಿಲ್ಲೆಯನ್ನು ತಿರುಪಿನಿಂದ ಬಿಗಿಯುತ್ತಿರಬಹುದು.

"ಮಾಲಕಗ ನೀ ಹೇಳ್ತಿಯೋ, ನಾ ಹೇಳ್ಲೋ?"

"ನಾನೇ ಹೇಳ್ತೀನಿ ಅಕ್ಕಾ. ನೀವು ಜೊತೆಗೆ ಬನ್ನಿ."

ಬಂದರು. ಕುರ್ಚಿಯಲ್ಲಿ ಕೂರಲಿಲ್ಲ, ನನ್ನ ಪಕ್ಕದಲ್ಲೇ ನಿಂತರು. ನಾನು ಹೇಳಿ ಮುಗಿಸಿದಾಗ ಮಾಲೀಕ ನಗಲಿಲ್ಲ, ಕೂಗಾಡಲೂ ಇಲ್ಲ. ನಿನ್ನ ವಿಷಯ ಆಮೇಲೆ ಎಂದಷ್ಟೇ ಹೇಳಿ ಫೋನು ಎತ್ತಿಕೊಂಡ. ಡಲ್ಲಾಸ್ ಶಾಪ್‌ನವರು ಡಬ್ಬಿಯನ್ನೇ ತೆರೆದಿರಲಿಲ್ಲ. ಹ್ಯೂಸ್ಟನ್ನಿನವರು ಲೇತ್ ನಿಲ್ಲಿಸಿದ್ದರು, ಆದರೆ ನಮ್ಮ ಬಿಲ್ಲೆಗಳು ಹಳೆಯ ಒಳ್ಳೆಯ ಬಿಲ್ಲೆಗಳೊಂದಿಗೆ ಒಂದೇ ಡ್ರಾಯರಿನಲ್ಲಿ ಬೆರೆತುಹೋಗಿದ್ದವು. ಆಸ್ಟಿನ್ನಿನಲ್ಲಿ ಯಾರೋ ಹುಡುಗಿ ಫೋನ್ ಎತ್ತಿ, ಹೇಳುತ್ತೇನೆ ಎಂದು ಇಟ್ಟಳು. ಹೇಳಿದಳೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಮಾಡಿದರೆ ಎತ್ತುವವರಿಲ್ಲ.

ಬೆರೆತವುಗಳನ್ನು ಬೇರ್ಪಡಿಸಲು ಬಲ್ಲವರು ಅಕ್ಕ ಒಬ್ಬರೇ. ಕೆಟ್ಟ ಬಿಲ್ಲೆಯ ಅಂಚಿನಲ್ಲಿ ಲೇಪದ ನೇರಳೆ ಬಣ್ಣ ಒಂದಿಷ್ಟು ಮಂಕಾಗಿರುತ್ತದೆ ಎಂದು ಅವರು ತೋರಿಸಿದರು. ನಾನು ಎಷ್ಟು ನೋಡಿದರೂ ಎರಡೂ ಒಂದೇ. "ನಾ ಹೋಗ್ತೀನಿ," ಎಂದರು. ಹೈವೇಗೆ ಹೋಗದ ಅಕ್ಕ ಹ್ಯೂಸ್ಟನ್ನಿಗೆ ಹೊರಟರು. ಡ್ರೈವ್ ಮಾಡುವವನು ನಾನು.

ದಾರಿಯುದ್ದಕ್ಕೂ ಅಕ್ಕ ಬಾಗಿಲ ಮೇಲಿನ ಹಿಡಿಕೆಯನ್ನು ಬಿಡಲಿಲ್ಲ. ಟ್ರಕ್ಕು ಪಕ್ಕಕ್ಕೆ ಬಂದಾಗಲೆಲ್ಲ ಕಣ್ಣು ಮುಚ್ಚುವರು. ಊರು ದಾಟಿ ಎರಡೂ ಕಡೆ ಬಯಲಾದ ಮೇಲೆ, ಕೇಳದೆಯೇ ಒಂದು ಮಾತು ಹೇಳಿದರು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಅವರ ತಂದೆಯದು ಎರಡು ಲೇತ್‌ನ ವರ್ಕ್‌ಶಾಪು. ಹತ್ತು ವರ್ಷದವರಿದ್ದಾಗ ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋಗಿ ಬಾಗಿಲಲ್ಲಿ ನಿಂತಿದ್ದರು. ಟಿಪ್ ಮುರಿದು ಹಾರಿ ಅವರ ಕಿವಿಯ ಪಕ್ಕದ ಕದದಲ್ಲಿ ನೆಟ್ಟಿತು.

"ನನಗೇನೂ ತಿಳೀಲಿಲ್ಲ. ಬುತ್ತಿ ಹಿಡಕೊಂಡ ನಿಂತಿದ್ದೆ. ನಮ್ಮಪ್ಪ ಮಷಿನ್ ಬಂದ್ ಮಾಡಿ ನೆಲಕ್ಕ ಕುಂತ. ಅಷ್ಟು ದೊಡ್ಡ ಮನಶ್ಯಾ, ಗಡಗಡ ನಡಗತಿದ್ದ. ಮರುದಿನದಿಂದ ಬಂದವ್ರಿಗೆಲ್ಲಾ ಹೇಳಾಂವ, ನನಗ ಅಂಜಿಕಿ ಐತಿ, ಆ ಕಡೆ ನಿಲ್ರಿ ಅಂತ. ಮಂದಿ ನಗತಿದ್ರು. ಆದ್ರ ಆ ಕಡೆ ನಿಲ್ಲತಿದ್ರು ತಮ್ಮಾ."

ಹ್ಯೂಸ್ಟನ್ ಶಾಪ್‌ನಲ್ಲಿ ಡ್ರಾಯರನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಇಟ್ಟುಕೊಂಡು ಅಕ್ಕ ಮೂರು ಗಂಟೆ ಕೂತರು. ಒಂದೊಂದು ಬಿಲ್ಲೆಯ ನಾಲ್ಕೂ ಅಂಚು ನೋಡಿ ಎಡಕ್ಕೆ, ಬಲಕ್ಕೆ ಇಡುವರು. ಅನುಮಾನ ಬಂದರೆ ಎಡಕ್ಕೆ. ಎಡಕ್ಕೆ ಇಟ್ಟದ್ದನ್ನೆಲ್ಲ ನಾನು ಚೀಲಕ್ಕೆ ಹಾಕುತ್ತಿದ್ದೆ.

ಗಾಯಗೊಂಡವನು ಆ ದಿನ ಕೆಲಸಕ್ಕಿರಲಿಲ್ಲ, ಆದರೆ ನಾವು ಬಂದದ್ದು ತಿಳಿದು ಮನೆಯಿಂದ ಬಂದ. ಮೆಕ್ಸಿಕೋ ಮೂಲದ ನಡುವಯಸ್ಸಿನವನು. ಕಣ್ಣಿನ ಕೆಳಗಿಂದ ದವಡೆಯವರೆಗೆ ಪಟ್ಟಿ. ನಾನು ಅವನ ಮುಂದೆ ನಿಂತು, ಆ ಲೇಪ ನನ್ನದು, ತಪ್ಪು ನನ್ನದು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೊಡೆಯುತ್ತಾನೆ ಎಂದೇ ಅಂದುಕೊಂಡಿದ್ದೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವನು ನನ್ನನ್ನು ನೋಡಿ, ಮತ್ತೆ ಲೇತನ್ನು ನೋಡಿ, "ಸೋಮವಾರ ನಾನು ಮತ್ತೆ ಅದರ ಮುಂದೆ ನಿಲ್ಲಬೇಕು" ಎಂದ. ಅಷ್ಟೇ. ಅಕ್ಕ ಎದ್ದು ಬಂದು ಅವನ ತೋಳು ಮುಟ್ಟಿದರು. ಬಲಗಡೆಯ ರಾಶಿಯಿಂದ ಒಂದೊಂದೇ ಬಿಲ್ಲೆ ತೆಗೆದು, ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು, ಏನನ್ನು ನೋಡಬೇಕು ಎಂದು ತೋರಿಸಿದರು. ಅವನಿಗೆ ಕಾಣಿಸತೊಡಗಿತು. ನನಗೆ ಕಾಣದ್ದು ಅವನಿಗೆ ಕಂಡಿತು.

ಅಂದು ಉಳಿದದ್ದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ಅಕ್ಕನ ದೊಡ್ಡಪ್ಪನ ಮಗಳ ಮನೆಯಲ್ಲಿ. ಅವರು ಬಿಸಿ ಅನ್ನಕ್ಕೆ ಸಾರು ಬಡಿಸುವಾಗಲೂ ನಾನು ಫೋನ್ ಹಿಡಿದುಕೊಂಡಿದ್ದೆ. ಆಸ್ಟಿನ್ನಿಗೆ ಮಾಡಿದ ಫೋನು ಇನ್ನೂ ಯಾರೂ ಎತ್ತಿರಲಿಲ್ಲ. ಬೆಳಗಿನ ಆರಕ್ಕೇ ಹೊರಟೆವು.

ಆಸ್ಟಿನ್ನಿನ ಶಾಪ್ ಊರ ಉತ್ತರಕ್ಕೆ. ಚಿಪ್ ಕಾರ್ಖಾನೆಯ ಯಂತ್ರಗಳಿಗೆ ಹೋಗುವ ದೊಡ್ಡ ಸ್ಟೀಲ್ ಉಂಗುರಗಳನ್ನು ಕೆತ್ತುವ ಜಾಗ. ಹಿಂದಿನ ದಿನದ ನಮ್ಮ ಸುದ್ದಿ ಯಾರ ಕಿವಿಗೂ ಬಿದ್ದಿರಲಿಲ್ಲ. ಮುಂದಿನ ಮೇಜಿನಲ್ಲಿ ನಾನು ವಿಷಯ ಹೇಳುತ್ತಿದ್ದ ಹಾಗೆ ಅಕ್ಕ ಒಳಗಿನ ಬಾಗಿಲ ಕಡೆ ಕಿವಿ ಕೊಟ್ಟು ನಿಂತರು. ಒಳಗೆ ಯಂತ್ರ ಓಡುತ್ತಿತ್ತು.

"ಅದಕ್ಕ ನಮ್ಮ ಟಿಪ್ ಹಾಕ್ಯಾರೇನು ಕೇಳು," ಎಂದರು.

ಮೇಜಿನವನು ಹೌದಿರಬೇಕು, ಇವತ್ತು ಬೆಳಿಗ್ಗೆಯೇ ಹೊಸ ಡಬ್ಬಿ ತೆಗೆದೆವು ಎಂದ.

ಅಕ್ಕ ಕಾಯಲಿಲ್ಲ. ಅರವತ್ತರ ಹತ್ತಿರದವರು, ಮಂಡಿನೋವಿನವರು, ಬಾಗಿಲು ತಳ್ಳಿ ಒಳಗೆ ಓಡಿದರು. ನಾನು ಹಿಂದೆ. ಯಂತ್ರದ ಮುಂದೆ ಕಿವಿಗೆ ಮುಚ್ಚಳ ಹಾಕಿಕೊಂಡ ಒಬ್ಬ ಮುದುಕ ಬಗ್ಗಿ ಒಳಗೆ ನೋಡುತ್ತಿದ್ದ. ಅವನ ಮುಖಕ್ಕೂ ತಿರುಗುವ ಉಂಗುರಕ್ಕೂ ನಡುವೆ ಮೊಳದಷ್ಟು ಅಂತರ, ಒಂದು ಪ್ಲಾಸ್ಟಿಕ್ ಹಾಳೆ. ಅಕ್ಕ ಕೂಗಿದರು, ಅವನಿಗೆ ಕೇಳಿಸಲಿಲ್ಲ. ಅವನ ಭುಜ ಹಿಡಿದು ಎಳೆದು, ಇನ್ನೊಂದು ಕೈಯಿಂದ ಕೆಂಪು ಗುಂಡಿಯನ್ನು ಗುದ್ದಿದರು.

ಯಂತ್ರ ನರಳಿ ನಿಂತಿತು. ಆ ನಿಶ್ಶಬ್ದದಲ್ಲಿ ಕೂಲಂಟ್ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಉಂಗುರದ ಮೈಮೇಲೆ ಟಿಪ್ ನಿಂತ ಜಾಗದಲ್ಲಿ ಆಳವಾದ ಗೀರು. ಉಂಗುರ ಹಾಳಾಗಿತ್ತು, ವಾರಗಟ್ಟಲೆಯ ಕೆಲಸ.

ಶಾಪ್‌ನ ಯಜಮಾನ ಓಡಿಬಂದ. ಅಕ್ಕ ಟಿಪ್ ಬಿಚ್ಚಿಸಿ ನೋಡಿದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ತಿರುಗಿಸಿ ಮತ್ತೆ ನೋಡಿದರು.

"ಇದು ಚಲೋ ಐತಿ," ಎಂದರು ನನಗೆ, ಸಣ್ಣ ಧ್ವನಿಯಲ್ಲಿ. "ಮ್ಯಾಲಿನ ಟ್ರೇದು."

ಯಜಮಾನನಿಂದ ಅದನ್ನು ಮುಚ್ಚಿಡಬಹುದಿತ್ತು. ಒಡೆಯುವುದರಲ್ಲಿತ್ತು ಎಂದಿದ್ದರೆ ನಂಬುತ್ತಿದ್ದ. ಅಕ್ಕ ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಈ ಟಿಪ್ ಚೆನ್ನಾಗಿದೆ, ನನಗೆ ಹೆದರಿಕೆಯಾಯಿತು, ನಿಲ್ಲಿಸಿದೆ, ಕ್ಷಮಿಸಿ ಎಂದರು. ಅವನು ಕೂಗಿದ ಕೂಗಿಗೆ ಮಿಕ್ಕವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಅಕ್ಕ ತಲೆ ತಗ್ಗಿಸಲಿಲ್ಲ, ಎದುರು ಮಾತೂ ಆಡಲಿಲ್ಲ. ಕೂಗು ಮುಗಿದ ಮೇಲೆ ತೆರೆದ ಡಬ್ಬಿ ಕೇಳಿ ಪಡೆದು, ಅಲ್ಲೇ ಒಂದು ಹಲಗೆಯ ಮೇಲೆ ಕೂತು ಉಳಿದವನ್ನು ನೋಡತೊಡಗಿದರು. ಒಂಬತ್ತರಲ್ಲಿ ಮೂರನ್ನು ಎಡಕ್ಕೆ ಇಟ್ಟರು. ಮುದುಕ ಕಿವಿಯ ಮುಚ್ಚಳ ತೆಗೆದು ಆ ಮೂರನ್ನೇ ನೋಡುತ್ತಾ ನಿಂತಿದ್ದ. ಮುಂದೆ ಅವನ ಬೆರಳಿಗೆ ಯಾವುದು ಸಿಗುತ್ತಿತ್ತೋ, ಯಾರಿಗೂ ಗೊತ್ತಿಲ್ಲ.

ವಾಪಸು ಬರುವಾಗ ಒಂದು ಗಂಟೆ ಡ್ರೈವ್ ಮಾಡಿದ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ಸ್ಟಿಯರಿಂಗ್ ಹಿಡಿಯಲು ಆಗಲಿಲ್ಲ. ಗ್ಯಾಸ್ ಸ್ಟೇಷನ್ನಿಗೆ ತಿರುಗಿಸಿ ನಿಲ್ಲಿಸಿದೆ. ಎರಡು ವಾರದಿಂದ ಒಳಗೆ ಹಿಡಿದಿಟ್ಟದ್ದೆಲ್ಲ ಆಗ ಅಳುವಾಗಿ ಬಂತು. ಅಕ್ಕ ಸಮಾಧಾನ ಹೇಳಲಿಲ್ಲ. ಇಳಿದು ಬಂದು ನನ್ನ ಬಾಗಿಲು ತೆರೆದರು.

"ಆ ಕಡೆ ಸರಿ. ನಾ ನಡಸ್ತೀನಿ."

"ಅಕ್ಕಾ, ಹೈವೇ ಇದು."

"ಗೊತ್ತೈತಿ. ನನಗ ಭಾಳ ಅಂಜಿಕಿ ಬರಾಕತ್ತೈತಿ. ನೀ ಕನ್ನಡಿ ನೋಡಿಕೋತ ಹೇಳು, ನಾ ಮುಂದ ನೋಡ್ತೀನಿ."

ಬಲತುದಿಯ ಸಾಲಿನಲ್ಲಿ, ಎಲ್ಲರಿಗಿಂತ ನಿಧಾನವಾಗಿ, ಡಲ್ಲಾಸ್‌ವರೆಗೆ ಅವರೇ ನಡೆಸಿದರು. ಟ್ರಕ್ಕುಗಳು ಹಾರ್ನ್ ಹೊಡೆದು ದಾಟಿ ಹೋದವು. "ಬಂತು ಅಕ್ಕಾ, ದೊಡ್ಡದು, ಎಡಗಡೆಗೆ," ಎಂದು ನಾನು ಹೇಳುತ್ತಿದ್ದೆ. "ಹೂಂ," ಎನ್ನುವರು, ಮೂಗಿನ ಮೇಲೆ ಬೆವರು. ಇಬ್ಬರು ಹೆದರಿದವರು ಒಬ್ಬರಿಗೊಬ್ಬರು ದಾರಿ ಹೇಳಿಕೊಳ್ಳುತ್ತಾ ಮನೆ ಸೇರಿದೆವು.

ಆಸ್ಟಿನ್ನಿನ ಗಿರಾಕಿ ನಮ್ಮನ್ನು ಬಿಟ್ಟುಹೋದ. ಮಾಲೀಕ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಚೇಂಬರಿನಿಂದ ತೆಗೆದು ಅಕ್ಕನ ಲ್ಯಾಬಿಗೆ ಹಾಕಿದ. ಎರಡು ವರ್ಷ ಅವರ ಕೈಕೆಳಗೆ ಇದ್ದೆ. ಆ ಮಂಕು ನೇರಳೆ ಬಣ್ಣವನ್ನು ಗುರುತಿಸಲು ನನಗೆ ಏಳು ತಿಂಗಳು ಹಿಡಿಯಿತು. ಕಂಡ ದಿನ ಅವರನ್ನು ಕರೆದೆ. ಬಂದು ನೋಡಿ, "ಹೂಂ, ಈಗ ನಿನಗ ನಿದ್ದಿ ಹತ್ತೂದಿಲ್ಲ," ಎಂದರು. ಹೌದು, ಹತ್ತಲಿಲ್ಲ. ಕಾಣದಿದ್ದಾಗ ಎಷ್ಟು ಕೆಟ್ಟವು ದಾಟಿ ಹೋಗಿದ್ದವೋ ಎಂದು ಯೋಚಿಸುತ್ತಾ ಮಲಗಿದ್ದೆ. ಮತ್ತೆ ಚೇಂಬರಿಗೆ ಹೋದ ಮೇಲೆ ಅಲಾರಂಗೆ ಎರಡು ಸಲ ನಿಲ್ಲಿಸಿದ್ದೇನೆ. ಒಂದು ಸುಳ್ಳು, ಒಂದು ನಿಜ. ಎರಡು ಸಲವೂ ಎದೆ ಒಂದೇ ಥರ ಬಡಿದುಕೊಂಡಿತು.

ಅವರು ನಿವೃತ್ತರಾದ ದಿನ ಮಾಲೀಕ ಕೇಕ್ ಕತ್ತರಿಸಿ ಒಂದು ಮಾತು ಹೇಳಿದ: ಈ ಕೋಣೆಯಲ್ಲಿ ಇನ್ನು ಮುಂದೆ ಕೈ ಎತ್ತುವವರು ಯಾರು ಎಂದು ನನಗೆ ಗೊತ್ತಿಲ್ಲ. ಯಾರೂ ನಗಲಿಲ್ಲ.

ಕಾಯಿಲೆ ಗೊತ್ತಾದದ್ದು ಕಳೆದ ಚಳಿಗಾಲದಲ್ಲಿ. ಹೊಟ್ಟೆಯಲ್ಲಿ ಶುರುವಾಗಿ, ಗೊತ್ತಾಗುವ ಹೊತ್ತಿಗೆ ಎಲ್ಲ ಕಡೆ ಹರಡಿತ್ತು. ನಾನು ಆಸ್ಪತ್ರೆಗೆ ಹೋದ ಮಧ್ಯಾಹ್ನ ಕೋಣೆಯ ತುಂಬ ಜನ. ಕನ್ನಡ ಸಂಘದವರು ಹೂ ತಂದಿದ್ದರು. "ಏನೂ ಆಗಲ್ಲ ಆಂಟಿ, ಯೂ ಆರ್ ಸೋ ಸ್ಟ್ರಾಂಗ್," ಎನ್ನುತ್ತಿದ್ದರು. ಮಗಳು ಇಂಗ್ಲಿಷಿನಲ್ಲಿ, ಅಮ್ಮ ಫೈಟರ್, ಎಂದು ಎಲ್ಲರಿಗೂ ಹೇಳುತ್ತಿದ್ದಳು. ಹೇಳುವಾಗ ತಾಯಿಯ ಮುಖ ನೋಡುತ್ತಿರಲಿಲ್ಲ. ಅಕ್ಕ ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಕೈಗಳು ಹೊದಿಕೆಯ ಅಂಚನ್ನು ಹಿಡಿದಿದ್ದವು.

ಎಲ್ಲರೂ ಹೋದರು. ಮಗಳು ಕಾಫಿ ತರಲು ಇಳಿದಳು. ಅಕ್ಕ ನನ್ನ ಕಡೆ ತಿರುಗಿದರು.

"ತಮ್ಮಾ, ನನಗ ಅಂಜಿಕಿ ಬರಾಕತ್ತೈತಿ."

ಹೇಳಬೇಕಾದ ಮಾತುಗಳೆಲ್ಲ ಬಾಯಿಗೆ ಬಂದವು. ಒಳ್ಳೆಯ ಡಾಕ್ಟರು, ಹೊಸ ಔಷಧಿ, ದೇವರಿದ್ದಾನೆ. ಅವರು ನನ್ನ ಮುಖವನ್ನು ನೋಡುತ್ತಿದ್ದರು. ಆ ಕಣ್ಣಿನ ಮುಂದೆ ಒಂದನ್ನೂ ಹೇಳಲಾಗಲಿಲ್ಲ.

"ನನಗೂ ಭಯ ಆಗ್ತಿದೆ ಅಕ್ಕಾ," ಎಂದೆ.

"ಖರೇ?"

"ನಿಜವಾಗ್ಲೂ. ನಿಮ್ಮ ರಿಪೋರ್ಟ್ ಬಂದ ದಿನದಿಂದ."

ಅವರು ಹೊದಿಕೆಯನ್ನು ಬಿಟ್ಟು, ಸ್ವಲ್ಪ ಸರಿದು, ಮಂಚದ ಅಂಚಿನಲ್ಲಿ ಜಾಗ ಮಾಡಿದರು.

"ಹಂಗಾದ್ರ ಕುಂದ್ರು," ಎಂದರು.